ಚೀನೀಯರಿಗೆ 'ಕಸಿನ್' ಕಲಿಸುವುದು ಹೇಗೆ? ಒಂದು ಪದ, ಎಂಟು ವರಸೆ

ಪಡಸಾಲೆ
ಎಲ್ಲರಿಗೂ ನಮಸ್ಕಾರ. ನಾನು ಸಿಂಗಪುರದಲ್ಲಿದ್ದೇನೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಚೀನಾದಿಂದ ಬಂದವರಿಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತೇನೆ. ಸಂಬಳ ಇಲ್ಲ, ಖುಷಿಗೆ. ಹೆಚ್ಚಿನವರು ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ ಜೊತೆಗಿರಲು ಬಂದ ಅಮ್ಮಂದಿರು.

ಹೋದ ವಾರ 'ನಿಮ್ಮ ಮನೆಯವರ ಬಗ್ಗೆ ಹೇಳಿ' ಅಂದೆ. ಒಬ್ಬರು ಎದ್ದು ನಿಂತು, ತಾನು ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು ಅಂದರು. ಮುಂದಿನ ವಾಕ್ಯದಲ್ಲೇ 'ಐ ಹ್ಯಾವ್ ತ್ರೀ ಬ್ರದರ್ಸ್' ಅಂದರು. ಕೇಳಿ ನೋಡಿದರೆ ಮೂವರೂ ಕಸಿನ್‌ಗಳು. ಸರಿ, ಬೋರ್ಡಿನ ಮೇಲೆ 'ಕಸಿನ್' ಅಂತ ಬರೆದೆ. ಅವರೆಲ್ಲ ಸೇರಿ ಅದರ ಪಕ್ಕ ಚೀನೀ ಭಾಷೆಯ ಎಂಟು ಪದ ಬರೆದು, 'ಇದರಲ್ಲಿ ಕಸಿನ್ ಯಾವುದು?' ಅಂತ ಕೇಳಿದರು. 'ಎಂಟೂ ಅದೇ' ಅಂದೆ. ಯಾರೂ ನಂಬಲಿಲ್ಲ. ಒಬ್ಬರಂತೂ ಫೋನ್ ತೆಗೆದು ನಿಘಂಟು ನೋಡಿದರು. ಟೀಚರ್ ಮೇಲೆ ಅಷ್ಟು ಭರವಸೆ!

ಈ ಪದವನ್ನು ಸರಿಯಾಗಿ ಬಿಡಿಸಿ ಹೇಳುವ ದಾರಿ ಯಾರಿಗಾದರೂ ಗೊತ್ತಾ? ಅರ್ಥ ಒಂದೇ ಅಲ್ಲ, ಬಳಕೆಯೂ ಬೇಕು.

ಕಾಫಿಬೀಜ
ಸುಮ್ನೆ 'ಕಸಿನ್ ಬ್ರದರ್', 'ಕಸಿನ್ ಸಿಸ್ಟರ್' ಅಂತ ಕಲಿಸಿಬಿಡಿ ಮೇಡಂ. ನಾವೆಲ್ಲ ಹಾಗೇ ಹೇಳಿಕೊಂಡು ಬದುಕಿದ್ದೇವೆ ಅಲ್ವಾ?

ಗುವಾಂಗ್‌ಝೌ ಗೌಡ
ಕಾಫಿಬೀಜ, ಅದು ನಮ್ಮ ದೇಶದ ಇಂಗ್ಲಿಷ್. ಲಂಡನ್ನಿನವರಿಗೆ ಅರ್ಥ ಆಗುತ್ತದೆ, ಆದರೆ ಅವರು ಹಾಗೆ ಹೇಳುವುದಿಲ್ಲ. ಪಾಪ, ಈ ಅಮ್ಮಂದಿರು ನಮ್ಮ ರೋಗವನ್ನೂ ಯಾಕೆ ಹಚ್ಚಿಕೊಳ್ಳಬೇಕು.

ನಾನು ಇಲ್ಲಿ ಚೀನಾದಲ್ಲಿ ಬಟ್ಟೆ ವ್ಯಾಪಾರದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಆ ಎಂಟು ಪದದ ಲೆಕ್ಕ ಕಷ್ಟ ಏನಲ್ಲ. ಮೊದಲು ಎರಡು ಗುಂಪು: 'ಥಾಂಗ್' ಮತ್ತು 'ಬ್ಯಾವ್'. ಅಪ್ಪನ ಅಣ್ಣತಮ್ಮಂದಿರ ಮಕ್ಕಳು ಮಾತ್ರ ಥಾಂಗ್. ಮಿಕ್ಕವರೆಲ್ಲ ಬ್ಯಾವ್. ಅಂದರೆ ಅತ್ತೆಯ ಮಕ್ಕಳು, ಸೋದರಮಾವನ ಮಕ್ಕಳು, ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು ಎಲ್ಲರೂ ಒಂದೇ ಬುಟ್ಟಿಗೆ. ಆಮೇಲೆ ಗಂಡೋ ಹೆಣ್ಣೋ, ನನಗಿಂತ ದೊಡ್ಡವರೋ ಚಿಕ್ಕವರೋ. ದೊಡ್ಡ ಗಂಡು 'ಗ', ಚಿಕ್ಕ ಗಂಡು 'ದಿ', ದೊಡ್ಡ ಹೆಣ್ಣು 'ಜ್ಯೆ', ಚಿಕ್ಕ ಹೆಣ್ಣು 'ಮೇಯ್'. ಹೀಗೆ ಥಾಂಗ್‌ಗ, ಬ್ಯಾವ್‌ಜ್ಯೆ, ಬ್ಯಾವ್‌ಮೇಯ್... ಎರಡು ಸಲ ನಾಲ್ಕು, ಎಂಟು.

ಥಾಂಗ್ ಅಂದರೆ ಹಜಾರ. ಒಂದೇ ಹಜಾರದಲ್ಲಿ ಬೆಳೆದವರು, ಒಂದೇ ಮನೆತನದ ಹೆಸರು ಇರುವವರು. ಬ್ಯಾವ್ ಅಂದರೆ ಹೊರಗಿನ. ನಿಮ್ಮ ಹೆಸರು ಪಡಸಾಲೆ, ಅಂದರೆ ನೀವು ಥಾಂಗ್ ಕಡೆಯವರು, ನೋಡಿ!

ಇನ್ನು ಆ 'ಮೂವರು ಬ್ರದರ್ಸ್' ತಮಾಷೆ. ಎದುರಿಗೆ ಕರೆಯುವಾಗ ಎಷ್ಟೋ ಸಲ ಮುಂದಿನ ಥಾಂಗ್, ಬ್ಯಾವ್ ಬಿಟ್ಟುಹೋಗುತ್ತದೆ. ಬರೀ 'ಗ', 'ಜ್ಯೆ' ಉಳಿಯುತ್ತದೆ. 1980ರಲ್ಲಿ ಶುರುವಾದ ಒಂದೇ ಮಗುವಿನ ನೀತಿ 2015ರ ಕೊನೆಯವರೆಗೂ ಇತ್ತು. ಆ ಕಾಲದಲ್ಲಿ ಪೇಟೆಯಲ್ಲಿ ಹುಟ್ಟಿದ ಎಷ್ಟೋ ಜನರಿಗೆ ಅಣ್ಣ ಅಂದರೆ ದೊಡ್ಡಪ್ಪನ ಮಗನೇ, ಅಕ್ಕ ಅಂದರೆ ಮಾವನ ಮಗಳೇ. ಒಡಹುಟ್ಟಿದವನು ಅಂತ ಹೇಳಲೇಬೇಕಾದರೆ 'ಚಿನ್‌ಗ' ಅನ್ನುತ್ತಾರೆ. ನಾವು 'ಸ್ವಂತ ಅಣ್ಣ' ಅನ್ನುವ ಹಾಗೆ.

ಬಾಗಲಕೋಟಿ ಬಸ್ಯಾ
ಬ್ಯಾವ್ ಅಂದರೆ ಗಡಿಯಾರ ಅಂತ ನನ್ನ ಚೀನೀ ಸಹೋದ್ಯೋಗಿ ಹೇಳಿದ್ದ. ಹಂಗಾದ್ರ ಬ್ಯಾವ್‌ಗ ಅಂದ್ರ ಗಡಿಯಾರದಣ್ಣ ಏನ್ರಿ?

ಗುವಾಂಗ್‌ಝೌ ಗೌಡ
ಬಸ್ಯಾ, ನೀವು ತಮಾಷೆಗೆ ಹೇಳಿದರೂ ಅದು ನಿಜವಾಗಿ ನಡೆದಿದೆ. 2012ರ ಆಗಸ್ಟ್‌ನಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿ ಬಸ್ಸೊಂದು ಟ್ಯಾಂಕರಿಗೆ ಗುದ್ದಿ 36 ಜನ ಸತ್ತರು. ಅಲ್ಲಿಗೆ ಹೋದ ಯಾಂಗ್ ದಾಚಾಯ್ ಅನ್ನುವ ಅಧಿಕಾರಿ ನಗುತ್ತಿದ್ದ ಫೋಟೊ ಹೊರಬಂತು. ಜನ ಸಿಟ್ಟಾಗಿ ಅವರ ಹಳೆಯ ಫೋಟೊ ಎಲ್ಲ ಹುಡುಕಿದರು. ಪ್ರತಿ ಫೋಟೊದಲ್ಲೂ ಬೇರೆ ಬೇರೆ ದುಬಾರಿ ವಾಚು. ಅಂದಿನಿಂದ ಅವರ ಹೆಸರು 'ಬ್ಯಾವ್‌ಗ'. ಮರು ವರ್ಷ ಲಂಚದ ಕೇಸಿನಲ್ಲಿ 14 ವರ್ಷ ಜೈಲಾಯಿತು. ಬ್ಯಾವ್‌ಗೆ 'ಪಟ್ಟಿ, ಕೋಷ್ಟಕ' ಅನ್ನುವ ಅರ್ಥವೂ ಇದೆ. ಹಾಗಾಗಿ ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ತುಂಬುವವರನ್ನೂ ಹಾಗೇ ರೇಗಿಸುತ್ತಾರೆ.

ತುಂಗಾತೀರ
ಗೌಡರೇ, ಚೆನ್ನಾಗಿ ಬಿಡಿಸಿ ಹೇಳಿದಿರಿ. ಒಂದು ಮಾತು ಸೇರಿಸುತ್ತೇನೆ. ಚೀನೀ ಭಾಷೆಯಲ್ಲೂ ಭೇದ ಇದೆ, ನಮ್ಮಲ್ಲೂ ಇದೆ ಅಂತ ಎರಡನ್ನೂ ಒಂದೇ ಅಂದುಕೊಳ್ಳಬಾರದು. ಗೆರೆ ಎಳೆದ ಜಾಗವೇ ಬೇರೆ. ಅವರು 'ಮನೆತನದ ಹೆಸರು ಒಂದೇನಾ?' ಅಂತ ನೋಡಿ ಗೆರೆ ಎಳೆದರು. ನಾವು 'ವರಸೆ ಕೂಡುತ್ತದಾ?' ಅಂತ ನೋಡಿ ಎಳೆದೆವು. ಅಂದರೆ ಮದುವೆಯಾಗಬಹುದಾ ಅಂತ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೂ ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳೂ ನಮಗೆ ಅಣ್ಣ ತಮ್ಮ ಅಕ್ಕ ತಂಗಿ. ಸೋದರತ್ತೆ, ಸೋದರಮಾವನ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಈಗ ಎಷ್ಟೋ ಮನೆಗಳಲ್ಲಿ ಮಾವನ ಮಕ್ಕಳನ್ನೂ ಅಣ್ಣ ಅಕ್ಕ ಅಂತಲೇ ಕರೆಯುತ್ತಾರೆ, ಆ ಮಾತು ಬೇರೆ.

ನೆನಪಿಟ್ಟುಕೊಳ್ಳಲು ಮಹಾಭಾರತ ಸಾಕು. ಪಾಂಡವರಿಗೆ ಕೌರವರು ಥಾಂಗ್. ಒಂದೇ ಮನೆತನ, ಆಸ್ತಿಯಲ್ಲಿ ಪಾಲು ಕೇಳುವವರು. ನಮ್ಮ 'ದಾಯಾದಿ' ಪದಕ್ಕೆ ತೀರಾ ಹತ್ತಿರ ಬರುವ ಚೀನೀ ಪದ ಅದೇ. ಕೃಷ್ಣ ಕುಂತಿಯ ಒಡಹುಟ್ಟಿದವನ ಮಗ, ಬ್ಯಾವ್. ಸುಭದ್ರೆಯೂ ಬ್ಯಾವ್, ಅರ್ಜುನ ಅವಳನ್ನೇ ಮದುವೆಯಾದ. ಇಂಗ್ಲಿಷಿನವನಿಗೆ ದುರ್ಯೋಧನನೂ ಕಸಿನ್, ಕೃಷ್ಣನೂ ಕಸಿನ್, ಸುಭದ್ರೆಯೂ ಕಸಿನ್!

ಗೆರೆ ಬೇರೆ ಅನ್ನುವುದು ಚೀನಾದ ಕಥೆಯಲ್ಲೂ ಕಾಣುತ್ತದೆ. 18ನೇ ಶತಮಾನದ 'ಕೆಂಪು ಮಹಲಿನ ಕನಸು' ಕಾದಂಬರಿಯಲ್ಲಿ ಬಾವ್‌ಯು ಅನ್ನುವ ಹುಡುಗ ದಾಯ್‌ಯುವನ್ನು ಪ್ರೀತಿಸುತ್ತಾನೆ. ಮನೆಯವರು ಬಾವ್‌ಚಾಯ್ ಜೊತೆ ಮದುವೆ ಮಾಡುತ್ತಾರೆ. ದಾಯ್‌ಯು ಅವನ ಸೋದರತ್ತೆಯ ಮಗಳು. ಬಾವ್‌ಚಾಯ್ ಅವನ ತಾಯಿಯ ಒಡಹುಟ್ಟಿದವಳ ಮಗಳು. ಚೀನೀಯರಿಗೆ ಇಬ್ಬರೂ ಬ್ಯಾವ್, ಇಬ್ಬರೂ ನಡೆಯುತ್ತದೆ. ನನ್ನ ಅಜ್ಜಿಗೆ ಈ ಕಥೆ ಹೇಳಿದಾಗ ಅವರು ಅಲ್ಲೇ ತಡೆದರು. 'ಅಕ್ಕನ್ನ ಕಟ್ಟಿಕೊಂಡನೇನೋ?' ಪ್ರೇಮಕಥೆಯ ದುಃಖ ಎಲ್ಲ ಅಲ್ಲಿಗೆ ಮುಗೀತು.

ಕಾಫಿಬೀಜ
ಅಜ್ಜಿಗೆ ಜೈ 😄 ಈಗಲೂ ಅಲ್ಲಿ ಹಾಗೆ ಮದುವೆ ಆಗ್ತಾರಾ?

ಗುವಾಂಗ್‌ಝೌ ಗೌಡ
ಇಲ್ಲ. 1980ರ ಮದುವೆ ಕಾಯ್ದೆ ಬ್ಯಾವ್ ಕಡೆಯನ್ನೂ ನಿಷೇಧಿಸಿತು. ಥಾಂಗ್ ಅಂತೂ ಹಿಂದಿನಿಂದಲೂ ಆಗದು.

ಹಂಚಿನಮನೆ
ವಿಷಯ ಸ್ವಲ್ಪ ದಾರಿ ತಪ್ಪುತ್ತದೆ, ಆದರೂ ಹೇಳದೆ ಇರಲಾರೆ. ಹಳೆಯ ಚೀನೀ ಭಾಷೆಯಲ್ಲಿ 'ಜ್ಯು' ಅಂದರೆ ತಾಯಿಯ ಅಣ್ಣತಮ್ಮ. ಗಂಡನ ತಂದೆಗೂ ಅದೇ ಪದ. 'ಗು' ಅಂದರೆ ತಂದೆಯ ಅಕ್ಕತಂಗಿ. ಗಂಡನ ತಾಯಿಗೂ ಅದೇ ಪದ. ಎರಡು ಸಾವಿರ ವರ್ಷಕ್ಕೂ ಹಳೆಯದಾದ 'ಅರ್‌ಯಾ' ಅನ್ನುವ ಪದಕೋಶದಲ್ಲೇ ಹೀಗಿದೆ. ಅಂದರೆ ನಮ್ಮ ಮಾವ, ಅತ್ತೆ! ಒಂದು ಕಾಲದಲ್ಲಿ ಅಲ್ಲೂ ಅತ್ತೆ-ಮಾವನ ಮಕ್ಕಳ ಮದುವೆ ರೂಢಿಯಲ್ಲಿತ್ತು ಅಂತ ವಿದ್ವಾಂಸರು ಇದರಿಂದಲೇ ಊಹಿಸಿದರು. ಈಗಿನ ಚೀನೀ ಸೊಸೆ ಅತ್ತೆಯನ್ನು ಹಾಗೆ ಕರೆಯುವುದಿಲ್ಲ.

ಇಂಗ್ಲಿಷಿನ ಕಥೆ ಇನ್ನೂ ಚೆಂದ. 'ಕಸಿನ್' ಹುಟ್ಟಿದ್ದು ಲ್ಯಾಟಿನ್ನಿನ 'ಕಾನ್ಸೊಬ್ರಿನಸ್'ನಿಂದ. ಅದರ ಮೂಲ ಅರ್ಥ ತಾಯಿಯ ಅಕ್ಕತಂಗಿಯರ ಮಕ್ಕಳು, ಅಷ್ಟೇ. ತಂದೆಯ ಅಣ್ಣತಮ್ಮಂದಿರ ಮಕ್ಕಳಿಗೆ, ತಂದೆಯ ಅಕ್ಕತಂಗಿಯರ ಮಕ್ಕಳಿಗೆ ಲ್ಯಾಟಿನ್ನಿನಲ್ಲಿ ಬೇರೆ ಬೇರೆ ಪದ ಇದ್ದವು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ಹೊತ್ತಿಗೆ ಇದು ಎಲ್ಲವನ್ನೂ ನುಂಗಿತ್ತು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅಣ್ಣನ ಮಗನನ್ನೂ ಕಸಿನ್ ಅಂದಿರುವುದುಂಟು.

ಪಡಸಾಲೆ
ಅಯ್ಯೋ ಎಷ್ಟೊಂದು! ನೋಟ್‌ಬುಕ್ ತೆಗೆದು ಕೂತಿದ್ದೇನೆ. ಆದರೆ ಬಳಕೆ? 'ಬ್ಯಾವ್‌ಜ್ಯೆಗೆ ಇಂಗ್ಲಿಷಿನಲ್ಲಿ ಏನನ್ನಬೇಕು' ಅಂತ ಕೇಳಿದರೆ 'ಓಲ್ಡರ್ ಫೀಮೇಲ್ ಕಸಿನ್' ಅಂತ ಹೇಳಲಾ?

ಹಳೇಪೇಪರ್
ಬೇಡ. ಅದು ಪೊಲೀಸ್ ದೂರಿನ ಭಾಷೆ ಆಗುತ್ತದೆ. ಬರೀ 'ಮೈ ಕಸಿನ್' ಸಾಕು. ವಯಸ್ಸು ಮುಖ್ಯವಾದರೆ 'ಮೈ ಓಲ್ಡರ್ ಕಸಿನ್'. ಹೆಣ್ಣು ಅಂತ ಹೇಳಬೇಕಾದರೆ ಮುಂದಿನ ವಾಕ್ಯದಲ್ಲಿ 'ಶಿ' ಬಂದೇ ಬರುತ್ತದೆ.

ನಾನು ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ನನಗೆ ಕಂಡ ಮುಖ್ಯ ವ್ಯತ್ಯಾಸ ಒಂದೇ. ಅಣ್ಣ, ಭಾವ, ಬ್ಯಾವ್‌ಗ ಇವೆಲ್ಲ ಕರೆಯುವ ಪದಗಳು. ಕಸಿನ್ ಕರೆಯುವ ಪದ ಅಲ್ಲ. ಯಾರೂ ಬಾಗಿಲಲ್ಲಿ ನಿಂತು 'ಕಸಿನ್, ಊಟಕ್ಕೆ ಬಾ' ಅನ್ನುವುದಿಲ್ಲ. ಹೆಸರು ಹಿಡಿದು ಕರೆಯುತ್ತಾರೆ, ಹತ್ತು ವರ್ಷ ದೊಡ್ಡವರನ್ನೂ. ಮೊದಲು ಇದನ್ನು ಕಲಿಸಿ. ನಿಮ್ಮ ಅಮ್ಮಂದಿರು ಎಂಟು ಪದ ಹಿಡಿದು ಒದ್ದಾಡುವುದು ಕರೆಯುವುದು ಹೇಗೆ ಅನ್ನುವ ಚಿಂತೆಯಿಂದ. ಕರೆಯುವ ಕೆಲಸವೇ ಇಲ್ಲ ಅಂದರೆ ಅರ್ಧ ಭಾರ ಇಳಿಯಿತು.

ಎರಡನೆಯದು, ಈ ಪದ ಎರಡೂ ಕಡೆಯಿಂದ ಒಂದೇ. ನಾನು ನಿನಗೆ ಕಸಿನ್ ಆದರೆ ನೀನೂ ನನಗೆ ಕಸಿನ್. 'ವಿ ಆರ್ ಕಸಿನ್ಸ್', ಮುಗೀತು. ಚೀನೀ ಭಾಷೆಯಲ್ಲಿ, ಕನ್ನಡದಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ.

ಉದಾಹರಣೆ ಬೇಕಾದರೆ ಮೊದಲ ಮಹಾಯುದ್ಧ ತೆಗೆದುಕೊಳ್ಳಿ. ಇಂಗ್ಲೆಂಡಿನ ಐದನೇ ಜಾರ್ಜ್, ಜರ್ಮನಿಯ ಎರಡನೇ ವಿಲ್ಹೆಲ್ಮ್, ರಷ್ಯಾದ ಎರಡನೇ ನಿಕೊಲಸ್. ಇಂಗ್ಲಿಷ್ ಪುಸ್ತಕಗಳಲ್ಲಿ ಇವರು ಬರೀ 'ಕಸಿನ್ಸ್'. ಆದರೆ ವಿಲ್ಹೆಲ್ಮನ ತಾಯಿ ಜಾರ್ಜನ ತಂದೆಯ ಅಕ್ಕ. ಅಂದರೆ ಸೋದರತ್ತೆಯ ಮಗ, ವಯಸ್ಸಿನಲ್ಲೂ ದೊಡ್ಡವನು. ನಿಕೊಲಸನ ತಾಯಿ ಜಾರ್ಜನ ತಾಯಿಯ ತಂಗಿ. ಚಿಕ್ಕಮ್ಮನ ಮಗ, ಮೂರು ವರ್ಷ ಚಿಕ್ಕವನು. ಚೀನೀಯರ ಲೆಕ್ಕದಲ್ಲಿ ಜಾರ್ಜನಿಗೆ ಒಬ್ಬ ಬ್ಯಾವ್‌ಗ, ಒಬ್ಬ ಬ್ಯಾವ್‌ದಿ. ಕನ್ನಡದಲ್ಲಿ ಹೇಳಿದರೆ ಭಾವನ ಮೇಲೆ ಯುದ್ಧ ಮಾಡಲು ತಮ್ಮನ ಜೊತೆ ಸೇರಿದ!

ಕಾಫಿಬೀಜ
ಮೂವರೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳಲ್ವಾ ಸರ್?

ಹಳೇಪೇಪರ್
ಇಬ್ಬರೇ. ಜಾರ್ಜ್ ಮತ್ತು ವಿಲ್ಹೆಲ್ಮ್. ನಿಕೊಲಸ್ ಅಲ್ಲ, ಅವನ ಹೆಂಡತಿ ವಿಕ್ಟೋರಿಯಾಳ ಮೊಮ್ಮಗಳು. ಅಂದಹಾಗೆ ವಿಕ್ಟೋರಿಯಾ 1840ರಲ್ಲಿ ಮದುವೆಯಾದ ಆಲ್ಬರ್ಟ್ ಆಕೆಯ ಸೋದರಮಾವನ ಮಗ. ಹಿಂದಿನ ವರ್ಷವಷ್ಟೇ ಚಾರ್ಲ್ಸ್ ಡಾರ್ವಿನ್ ತನ್ನ ಸೋದರಮಾವನ ಮಗಳು ಎಮ್ಮಾಳನ್ನು ಮದುವೆಯಾಗಿದ್ದ. ತುಂಗಾತೀರದವರ ಅಜ್ಜಿ ಈ ಎರಡಕ್ಕೂ ಅಕ್ಷತೆ ಹಾಕುತ್ತಿದ್ದರು.

ತುಂಗಾತೀರ
ಹಾಕಿ, ಊಟ ಹೇಗಿತ್ತು ಅಂತ ದೂರುತ್ತಿದ್ದರು.

ಪಡಸಾಲೆ
ಹಳೇಪೇಪರ್ ಸರ್, 'ಶಿ ಬಂದೇ ಬರುತ್ತದೆ' ಅಂದಿರಲ್ಲ. ಅಲ್ಲೇ ಇರುವುದು ನನ್ನ ತಲೆನೋವು! ಚೀನೀ ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಉಚ್ಚಾರ, 'ತಾ'. ಬರೆಯುವಾಗ ಮಾತ್ರ ಬೇರೆ. ಅವಳಿಗೆ ಬೇರೆ ಅಕ್ಷರ ಬಳಕೆಗೆ ಬಂದಿದ್ದೇ 1920ರ ಸುಮಾರಿಗೆ. ಹಾಗಾಗಿ ಮಾತಾಡುವಾಗ ಹಿ, ಶಿ ಅದಲುಬದಲು ಆಗುತ್ತಲೇ ಇರುತ್ತದೆ. ಚೀನೀ ವಾಕ್ಯದಲ್ಲಿ ಹೆಣ್ಣು ಅನ್ನುವ ಸುದ್ದಿ ಬ್ಯಾವ್‌ಜ್ಯೆ ಪದದೊಳಗೇ ಇರುತ್ತದೆ, ಸರ್ವನಾಮದಲ್ಲಿ ಇರುವುದಿಲ್ಲ. ಇಂಗ್ಲಿಷಿನಲ್ಲಿ ಪೂರಾ ಉಲ್ಟಾ. ಮೊನ್ನೆ ಒಬ್ಬರು 'ಮೈ ಕಸಿನ್ ಈಸ್ ಪ್ರೆಗ್ನೆಂಟ್, ಹಿ ಈಸ್ ವೆರಿ ಹ್ಯಾಪಿ' ಅಂದರು. ನಾನು ಅದು ಗಂಡನ ಖುಷಿ ಅಂದುಕೊಂಡೆ.

ಹಳೇಪೇಪರ್
ಹಾಗಾದರೆ ಇದನ್ನೇ ಅಭ್ಯಾಸಕ್ಕೆ ಹಚ್ಚಿ ಮೇಡಂ. ಕಸಿನ್ ಅಂದ ಕೂಡಲೇ ಮುಂದಿನ ವಾಕ್ಯ ಹಿ ಅಥವಾ ಶಿ ಇಂದಲೇ ಶುರುವಾಗಬೇಕು ಅಂತ ನಿಯಮ ಮಾಡಿ. ಜೋಡಿಯಾಗಿ ಕಲಿತರೆ ಎರಡೂ ಸರಿಯಾಗುತ್ತದೆ. ನಮ್ಮ ಕನ್ನಡದ ಮಕ್ಕಳಿಗೆ ಈ ತೊಂದರೆ ಕಮ್ಮಿ. ಬಂದನು, ಬಂದಳು ಅಂತ ಕ್ರಿಯಾಪದದಲ್ಲೇ ಕೂತಿರುತ್ತದಲ್ಲ.

ದಾದಿಯಮ್ಮ
ನಾನು ಆಸ್ಪತ್ರೆಯಲ್ಲಿ ನರ್ಸ್. ಊರು ಬೇಡ, ಇಂಡಿಯಾದ ಹೊರಗೆ. ನಿಮ್ಮ ಮೂವರು ಬ್ರದರ್ಸ್ ಕಥೆ ಓದಿ ನಗಲಿಲ್ಲ, ಬೆವರಿದೆ. ಒಬ್ಬ ಚೀನೀ ರೋಗಿ 'ನನ್ನ ಬ್ರದರ್‌ಗೆ ನಲವತ್ತಕ್ಕೇ ಹಾರ್ಟ್ ಅಟ್ಯಾಕ್ ಆಗಿದೆ' ಅಂದರು. ನಾನು ಹಾಗೇ ಬರೆದುಕೊಂಡೆ. ಡಾಕ್ಟರು ಅದನ್ನು ನೋಡಿ ಹೆಚ್ಚಿನ ಪರೀಕ್ಷೆ ಎಲ್ಲ ಬರೆದರು. ಎರಡು ದಿನದ ಮೇಲೆ ಗೊತ್ತಾಯಿತು, ಅದು ಬ್ಯಾವ್‌ಗ. ಒಡಹುಟ್ಟಿದವರ ನಡುವೆ ವಂಶವಾಹಿ ಸರಾಸರಿ ಅರ್ಧದಷ್ಟು ಒಂದೇ ಇರುತ್ತದೆ. ಕಸಿನ್ ಆದರೆ ಎಂಟನೇ ಒಂದು ಭಾಗ. ಡಾಕ್ಟರಿಗೆ ಇವೆರಡೂ ಬೇರೆ ಬೇರೆ ಸುದ್ದಿ.

ತಪ್ಪು ನನ್ನದೂ ಹೌದು. ನಾನೇ ಚಿಕ್ಕಪ್ಪನ ಮಗನನ್ನು ಬ್ರದರ್ ಅಂತ ಹೇಳಿಕೊಂಡು ತಿರುಗುವವಳು, ಕೇಳಬೇಕಿತ್ತು. ಈಗ ಯಾರು ಬ್ರದರ್ ಅಂದರೂ 'ಸೇಮ್ ಮದರ್, ಸೇಮ್ ಫಾದರ್?' ಅಂತ ಕೇಳುತ್ತೇನೆ. ಕೆಲವರಿಗೆ ಸಿಟ್ಟೂ ಬರುತ್ತದೆ.

ಪಡಸಾಲೆಯವರೇ, ಬೇರೇನು ಬಿಟ್ಟರೂ ಇದನ್ನು ಕಲಿಸಿ. ಮಾತಿಗೆ ಬ್ರದರ್ ಅಂದರೆ ಅಡ್ಡಿಯಿಲ್ಲ. ಡಾಕ್ಟರು, ವೀಸಾ ಅರ್ಜಿ, ಶಾಲೆಯ ಫಾರಂ ಅಂದಾಗ ಕಸಿನ್.

ಬಾಗಲಕೋಟಿ ಬಸ್ಯಾ
ಉಚ್ಚಾರದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಸಹೋದ್ಯೋಗಿ 'ಕೌಸಿನ್' ಅಂತಾನೆ. ಬರೆದದ್ದು ನೋಡಿದರೆ ಹಾಗೇ ಅನ್ನಿಸುತ್ತದೆ ಬಿಡ್ರಿ, ಅವನ ತಪ್ಪಿಲ್ಲ.

ಹಳೇಪೇಪರ್
ಕಂಟ್ರಿ, ಯಂಗ್, ಡಬಲ್, ಟ್ರಬಲ್ ಇವುಗಳ ಸಾಲಿಗೆ ಸೇರಿಸಿ ಕಲಿಸಬೇಕು. ಎಲ್ಲದರಲ್ಲೂ ಅದೇ ಎರಡು ಸ್ವರಾಕ್ಷರ, ಅದೇ 'ಅ' ಉಚ್ಚಾರ. ನಡುವಿನದು ಝೇಂಕಾರದ ಸದ್ದು, 'ಕಝ್‌ನ್'. ಮ್ಯಾಂಡರಿನ್ನಿನಲ್ಲಿ, ಅಂದರೆ ಚೀನಾದ ಮುಖ್ಯ ಭಾಷೆಯಲ್ಲಿ, ಆ ಸದ್ದು ಇಲ್ಲ. ಅವರ ರೋಮನ್ ಬರಹದಲ್ಲಿ 'ಝಡ್' ಅಕ್ಷರ ಇದ್ದರೂ ಅಲ್ಲಿ ಓದುವುದು 'ತ್ಸ' ಅಂತ. ಸೊಳ್ಳೆಯ ಸದ್ದು ಮಾಡಿಸಿ, ಗಂಟಲಿನ ಮೇಲೆ ಕೈ ಇಟ್ಟು ನಡುಕ ನೋಡಿಕೊಳ್ಳಲಿ. ನಾವೂ 'ಕಸಿನ್' ಅಂತಲೇ ಅನ್ನುವವರು, ಹಾಗಾಗಿ ಜಾಸ್ತಿ ಬೈಯುವ ಹಕ್ಕಿಲ್ಲ.

ಬಹುವಚನವನ್ನೂ ನೋಡಿಕೊಳ್ಳಿ. ಚೀನೀ ಭಾಷೆಯಲ್ಲಿ ಎಣಿಕೆ ಹೇಳಿದ ಮೇಲೆ ಪದ ಬದಲಾಗುವುದಿಲ್ಲ, ಅದಕ್ಕೇ 'ಟೂ ಕಸಿನ್' ಅನ್ನುತ್ತಾರೆ.

ಕಾಫಿಬೀಜ
ಸೆಕೆಂಡ್ ಕಸಿನ್, ಒನ್ಸ್ ರಿಮೂವ್ಡ್ ಅಂತೆಲ್ಲ ಇದೆಯಲ್ಲ? ನನಗೆ ಇವತ್ತಿಗೂ ತಿಳಿದಿಲ್ಲ. ಡಿವೋರ್ಸ್ ಆದವರಾ?

ಹಳೇಪೇಪರ್
ಯಾರನ್ನೂ ಎಲ್ಲಿಂದಲೂ ತೆಗೆದುಹಾಕಿಲ್ಲ! ಒಂದು ತಲೆಮಾರು ಆಚೀಚೆ ಅಂತ ಅರ್ಥ. ಇಬ್ಬರು ಕಸಿನ್‌ಗಳ ಮಕ್ಕಳು ಪರಸ್ಪರ ಸೆಕೆಂಡ್ ಕಸಿನ್. ಮೊಮ್ಮಕ್ಕಳು ಥರ್ಡ್. ತಲೆಮಾರು ಸಮ ಇಲ್ಲದಿದ್ದರೆ ರಿಮೂವ್ಡ್.

ಎರಡನೇ ಎಲಿಜಬೆತ್ ರಾಣಿ ಮತ್ತು ಫಿಲಿಪ್ ಇದಕ್ಕೆ ಒಳ್ಳೆಯ ಲೆಕ್ಕ. ಡೆನ್ಮಾರ್ಕಿನ ದೊರೆ ಒಂಬತ್ತನೇ ಕ್ರಿಶ್ಚಿಯನ್‌ನ ಮಗಳು ಅಲೆಕ್ಸಾಂಡ್ರಾ, ಮಗ ಗ್ರೀಸಿನ ದೊರೆ ಜಾರ್ಜ್. ಅಲೆಕ್ಸಾಂಡ್ರಾಳ ಮಗ ಐದನೇ ಜಾರ್ಜ್, ಗ್ರೀಸಿನ ಜಾರ್ಜನ ಮಗ ಆಂಡ್ರೂ, ಇವರು ಫಸ್ಟ್ ಕಸಿನ್ಸ್. ಅವರ ಮಕ್ಕಳು ಆರನೇ ಜಾರ್ಜ್ ಮತ್ತು ಫಿಲಿಪ್, ಸೆಕೆಂಡ್ ಕಸಿನ್ಸ್. ಎಲಿಜಬೆತ್ ಆರನೇ ಜಾರ್ಜನ ಮಗಳು, ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಗಂಡ ಹೆಂಡತಿ ಸೆಕೆಂಡ್ ಕಸಿನ್ಸ್ ಒನ್ಸ್ ರಿಮೂವ್ಡ್. ವಿಕ್ಟೋರಿಯಾ ಕಡೆಯಿಂದ ಎಣಿಸಿದರೆ ಥರ್ಡ್ ಕಸಿನ್ಸ್.

ತರಗತಿಗೆ ಇಷ್ಟೆಲ್ಲ ಬೇಡ. ಇಂಗ್ಲಿಷರೇ ತಪ್ಪುತ್ತಾರೆ. ಅಪ್ಪನ ಕಸಿನ್‌ಗೆ 'ಮೈ ಡ್ಯಾಡ್ಸ್ ಕಸಿನ್' ಅಂದುಬಿಡುತ್ತಾರೆ. ನಮಗೆ ಅವರು ಸುಮ್ನೆ ದೊಡ್ಡಪ್ಪ, ಚಿಕ್ಕಪ್ಪ, ಇಲ್ಲವೇ ಮಾವ.

ಗುವಾಂಗ್‌ಝೌ ಗೌಡ
ದೂರದ ನೆಂಟರಿಗೆ ಇಲ್ಲೊಂದು ಗಾದೆ ಇದೆ: 'ಯಿ ಬ್ಯಾವ್ ಸಾನ್ ಚ್ಯೆನ್ ಲಿ'. ಒಂದು ಸಲ ಬ್ಯಾವ್ ಅಂದರೆ ಮೂರು ಸಾವಿರ ಲಿ ದೂರ. ಲಿ ಅಂದರೆ ಸುಮಾರು ಅರ್ಧ ಕಿಲೋಮೀಟರ್. ಬ್ಯಾವ್ ಅಂತ ಹೇಳಿಕೊಂಡು ಯಾರು ಬೇಕಾದರೂ ನೆಂಟರಾಗಬಹುದು ಅನ್ನುವ ಕೊಂಕು. ನನ್ನ ಗೋದಾಮಿನಲ್ಲಿ ಕೆಲಸ ಕೇಳಿಕೊಂಡು ಬಂದವರೆಲ್ಲ ಯಾರದ್ದೋ ಬ್ಯಾವ್‌ದಿ. ನಮ್ಮೂರಲ್ಲೂ ಹಾಗೇ ಅಲ್ವಾ, 'ನಮ್ಮ ಕಡೆ ಹುಡುಗ' ಅಂತ.

ಹಂಚಿನಮನೆ
ಇನ್ನೊಂದು ಬಳಕೆ ಮರೆಯಬೇಡಿ. ಮನುಷ್ಯರಲ್ಲದವಕ್ಕೂ ಇಂಗ್ಲಿಷಿನಲ್ಲಿ ಕಸಿನ್ ಅನ್ನುತ್ತಾರೆ. ಟೊಮೇಟೊ ಆಲೂಗಡ್ಡೆಯ ಕಸಿನ್, ಚಿಂಪಾಂಜಿ ನಮ್ಮ ಕಸಿನ್. ಅಲ್ಲಿ ಚೀನೀಯರು ಥಾಂಗ್, ಬ್ಯಾವ್ ಹಾಕುವುದಿಲ್ಲ, 'ಹತ್ತಿರದ ನೆಂಟ' ಅನ್ನುತ್ತಾರೆ. ಕನ್ನಡದಲ್ಲೂ ಆಲೂಗಡ್ಡೆಯ ಭಾವಮೈದ ಅಂದರೆ ನಗು ಬರುತ್ತದೆ.

ಪಡಸಾಲೆ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕ್ಲಾಸ್ ಮುಗಿಸಿ ಬಂದು ಬರೆಯುತ್ತಿದ್ದೇನೆ.

ಎಂಟು ಪದವನ್ನೂ ಬೋರ್ಡಿನ ಮೇಲೆ ಬಿಟ್ಟೆ, ಅಳಿಸಲಿಲ್ಲ. 'ಇವು ಕರೆಯಲು, ಇದು ಬೇರೆಯವರಿಗೆ ಹೇಳಲು' ಅಂದೆ. ತಕ್ಷಣ ಒಪ್ಪಿದರು. ಕಸಿನ್ ಅಂದ ಮೇಲೆ ಹಿ ಅಥವಾ ಶಿ ಅನ್ನುವ ಆಟ ಆಡಿಸಿದೆ. ತಪ್ಪಿದವರು ಎಲ್ಲರಿಗೂ ಕಡಲೆಕಾಯಿ ಕೊಡಬೇಕು. ಒಂದು ಪೊಟ್ಟಣ ಖಾಲಿಯಾಯಿತು, ಅದರಲ್ಲಿ ಎರಡು ಹಿಡಿ ನಾನೇ ತಿಂದೆ. ದಾದಿಯಮ್ಮನವರ ಕಥೆಯನ್ನೂ ಹೇಳಿದೆ. ಕ್ಲಾಸ್ ಸ್ವಲ್ಪ ಹೊತ್ತು ಸುಮ್ಮನಾಯಿತು.

ಆಮೇಲೆ ಆ ಮೂವರು ಬ್ರದರ್ಸ್ ಇರುವ ಅಮ್ಮ ಉಳಿದುಕೊಂಡರು. ಅವರ ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ 'ನಿಮ್ಮ ಕಸಿನ್ಸ್ ಬಗ್ಗೆ ಬರೆಯಿರಿ' ಅಂತ ಕೊಟ್ಟಿದ್ದಾರೆ. ಅಮ್ಮನೂ ಒಬ್ಬಳೇ, ಅಪ್ಪನೂ ಒಬ್ಬನೇ. ಹಾಗಾಗಿ ಹುಡುಗಿಗೆ ಥಾಂಗ್ ಇಲ್ಲ, ಬ್ಯಾವ್ ಇಲ್ಲ, ಯಾರೂ ಇಲ್ಲ. ಏನು ಬರೆಯಲಿ ಅಂತ ಮಗು ಖಾಲಿ ಹಾಳೆ ಹಿಡಿದು ಕೂತಿದೆಯಂತೆ.

'ನಿಮ್ಮ ಮೂವರು ಬ್ರದರ್ಸ್‌ಗೆ ಮಕ್ಕಳಿದ್ದಾರಾ?' ಅಂತ ಕೇಳಿದೆ. ಇದ್ದಾರೆ ಅಂದರು. ಹಳೇಪೇಪರ್ ಸರ್ 'ತರಗತಿಗೆ ಬೇಡ' ಅಂದಿದ್ದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಅವರು ಅದನ್ನು ನೋಡುತ್ತಾ ಬೆರಳು ಮಡಿಸಿದರು. ಶಾಂಘಾಯ್‌ನಲ್ಲಿ ಇಬ್ಬರು, ಊರಲ್ಲಿ ಇಬ್ಬರು, ಇನ್ನೊಬ್ಬ ಈಗಷ್ಟೇ ಹುಟ್ಟಿದವನು. ಫೋನ್ ತೆಗೆದು ಮಗಳಿಗೆ ಇಂಗ್ಲಿಷಿನಲ್ಲೇ ಹೇಳಿದರು, 'ಯು ಹ್ಯಾವ್ ಫೈವ್ ಸೆಕೆಂಡ್ ಕಝ್‌ನ್ಸ್.' ಕೊನೆಯ ಬಹುವಚನವನ್ನೂ ಬಿಡಲಿಲ್ಲ.